ಎರಡಕ್ಕೂ ಮೂರಕ್ಕೂ ನಡುವೆ

ಸೀಟಿನ ಬೆಲ್ಟು ಯಾರದೋ ದೊಡ್ಡ ಹೊಟ್ಟೆಯ ಅಳತೆಗೆ ಸಡಿಲವಾಗಿಯೇ ಉಳಿದಿದೆ, ಪುಣ್ಯಾತ್ಮ, ನನ್ನಂಥ ಇಬ್ಬರನ್ನು ಒಟ್ಟಿಗೆ ಬಿಗಿಯಬಹುದು ಇದರಲ್ಲಿ, ಇಬ್ಬರನ್ನು ಒಟ್ಟಿಗೆ — ಹಾಂ, ಅದೇ ಅಲ್ಲವೇ ಇವಳ ಹಟ, ಅಗೋ, ಮುಂದೆ ಒಂಬತ್ತನೇ ಸಾಲಿನಲ್ಲಿ ಆಗಲೇ ಎದ್ದು ನಿಂತಿದ್ದಾಳೆ ನನ್ನ ಹೆಂಡತಿ, ಹಸಿರು ಸ್ವೆಟರು, ತೋಳು ಮೇಲಕ್ಕೆ ಮಡಚಿದ್ದಾಳೆ, ತೋಳು ಮಡಚಿದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ, ಕತ್ತು ಉದ್ದ ಮಾಡಿ ಅಷ್ಟೂ ತಲೆಗಳ ಮೇಲಿಂದ ನನ್ನನ್ನು ಹುಡುಕುತ್ತಿದ್ದಾಳೆ, ಸಂತೆಯಲ್ಲಿ ಮಗು ಕಳೆದುಕೊಂಡವಳ ಹಾಗೆ, ಹುಡುಕಲಿ, ನಾನು ತಲೆ ತಗ್ಗಿಸಿ ಬೆಲ್ಟಿನ ಪಟ್ಟಿ ಎಳೆಯುತ್ತೇನೆ, ಎಳೆಯುತ್ತಲೇ ಇರುತ್ತೇನೆ. ಇಪ್ಪತ್ತೆರಡನೇ ಸಾಲು, ದಾರಿ ಪಕ್ಕದ ಸೀಟು, ನಾನೇ ಆರಿಸಿಕೊಂಡದ್ದು, ವಿಮಾನದವರು ಕೊಟ್ಟದ್ದಲ್ಲ, ಅದು ಇವಳಿಗೆ ಗೊತ್ತಿಲ್ಲ, ಚೆಕ್-ಇನ್ ತೆರೆಯಿತು ಎಂದು ಫೋನಿಗೆ ಮೆಸೇಜು ಬಂದ ಕೂಡಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಎಡಬಲ ಎರಡೂ ಕಡೆ ಆಗಲೇ ಭರ್ತಿಯಾಗಿದ್ದ ಸಾಲನ್ನು ಹುಡುಕಿ ಹುಡುಕಿ ಒತ್ತಿದೆ, ಕಳ್ಳ ಬೆಣ್ಣೆ ತಿಂದ ಹಾಗೆ ಬಾಯಿ ಒರೆಸಿಕೊಂಡು ಹೊರಗೆ ಬಂದೆ. ಎರಡು ಗಂಟೆಯ ಹಾರಾಟ. ಎರಡು ಗಂಟೆ ನನ್ನ ಪರವಾಗಿ ಯಾರೂ ಬಾಯಿ ತೆರೆಯುವುದಿಲ್ಲ, ನನಗೆ ಬಾಯಾರಿದೆಯೋ ಇಲ್ಲವೋ ಎಂದು ಯಾರೂ ಯಾರಿಗೂ ಹೇಳುವುದಿಲ್ಲ, ಬೇಕಾದರೆ ನಾನೇ ಕೇಳುತ್ತೇನೆ, ನೀರು ಕೊಡಿ ಎನ್ನುತ್ತೇನೆ, ಕತ್ತಿನ ಬಿಳಿ ಬಟ್ಟೆಯ ಕೆಳಗೆ ಹೆಬ್ಬೆರಳು ಇಟ್ಟು, ತೂತು ಮುಚ್ಚಿ, ಗಾಳಿ ಮೇಲಕ್ಕೆ ನೂಕಿ, ನೀರು ಕೊಡಿ. ಗಂಟಲಿನ ದನಿಪೆಟ್ಟಿಗೆಯನ್ನೇ ಕಿತ್ತು ಬಿಸಾಕಿದ್ದಾರೆ ಡಾಕ್ಟರು, ನನ್ನನ್ನಲ್ಲ ಬಿಸಾಕಿದ್ದು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು ನಾನು, ಈ ತುದಿಯಲ್ಲಿ ಬಾಯಿ ತೆರೆದರೆ ಆ ತುದಿಯ ಲಾರಿಯಲ್ಲಿ ಮಲಗಿದ್ದ ಡ್ರೈವರು ಎದ್ದು ಕೂರುತ್ತಿದ್ದ, ಮೈಕು ಕೊಡಲು ಬಂದವರನ್ನು, ಹೋಗ್ರಯ್ಯಾ, ಅದನ್ನ ಮೂಗರಿಗೆ ಕೊಡಿ ಎಂದು ಓಡಿಸಿದವನು, ಹಾಗನ್ನಬಾರದಿತ್ತೋ ಏನೋ, ಅಂದದ್ದಾಯಿತು.

ಬೇರೆ ಬೇರೆ ಬುಕಿಂಗು, ಅದೇ ಬೆಳಗಿನಿಂದ ಮಂತ್ರ. ನನ್ನ ಟಿಕೆಟ್ಟು ದನಿ ಕಳೆದುಕೊಂಡವರ ಸಂಘದವರು ಕಳಿಸಿದ್ದು, ಹೊಸದಾಗಿ ಆಪರೇಷನ್ ಆದವರು ಹೆದರಿ ಕೂತಿರ್ತಾರೆ, ನೀವು ಬಂದು ಎದುರಿಗೆ ನಿಂತು ನಾಲ್ಕು ಮಾತಾಡಿ, ಮಾತು ವಾಪಸ್ ಬರುತ್ತೆ ಅಂತ ಅವರಿಗೆ ಕಣ್ಣಾರೆ ಕಾಣಲಿ, ಎಂದು ಕರೆದದ್ದು. ಇವಳ ಟಿಕೆಟ್ಟು ಮಗಳು ಆಮೇಲೆ ತೆಗೆದುಕೊಟ್ಟದ್ದು, ಅಪ್ಪನ್ನ ಒಬ್ಬರನ್ನೇ ಹೇಗಮ್ಮ ಕಳಿಸೋದು ಎಂದು. ನಾಲ್ಕು ಮಾತಾಡಿ ಎಂಬ ಭಾಗವನ್ನು ನಾನು ಇವಳಿಗೆ ಹೇಳಿಲ್ಲ, ಚೆಕಪ್ ಎಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ, ನಂಬಿದಳು. ಕೌಂಟರಿನ ಹುಡುಗಿ ಎಷ್ಟು ಸಮಾಧಾನದಿಂದ ಹೇಳಿದಳು, ಎರಡು ಬೇರೆ ಬುಕಿಂಗ್ ಆದ್ರೆ ಸಿಸ್ಟಮ್‌ಗೆ ನೀವಿಬ್ರೂ ಜೊತೆಗಿದ್ದೀರಿ ಅಂತ ಗೊತ್ತಾಗಲ್ಲ ಮೇಡಂ, ಮೊದಲೇ ಫೋನ್ ಮಾಡಿ ಎರಡೂ ನಂಬರ್ ಸೇರಿಸಿ ಅಂತ ಹೇಳಿದ್ರೆ ನೋಡಬಹುದಿತ್ತು, ಈಗ ವಿಮಾನ ಫುಲ್, ಸರ್ ಆಗಲೇ ಸೀಟ್ ತಗೊಂಡಿದ್ದಾರೆ — ಎನ್ನುತ್ತಿದ್ದ ಹಾಗೆ ನಾನು ಜೋರಾಗಿ ಕೆಮ್ಮಿದೆ, ಕೆಮ್ಮು ಒಂದು ವರ ನನಗೀಗ, ಕತ್ತಿನಿಂದ ಬರುತ್ತದೆ, ಜನ ಹೆದರಿ ಮಾತು ನಿಲ್ಲಿಸುತ್ತಾರೆ. ಇವಳು ಬಿಟ್ಟಳೇ, ನಿಮ್ಮ ಸಿಸ್ಟಮ್‌ಗೆ ಗೊತ್ತಿಲ್ಲದಿದ್ರೆ ನಾನು ಹೇಳ್ತಿದ್ದೀನಲ್ಲಮ್ಮ, ಗಂಡ ಹೆಂಡತಿ ನಾವು, ಮದುವೆ ಆಗಿ ಮಗಳಿಗೂ ಮದುವೆ ಮಾಡಿದ್ದೀವಿ, ಇನ್ನೇನು ಸಾಕ್ಷಿ ಬೇಕು ನಿಮ್ಮ ಸಿಸ್ಟಮ್‌ಗೆ? ಹಿಂದೆ ನಿಂತವರು ನಕ್ಕರು, ನನಗೂ ನಗು ಬಂತು, ನಗುವಿಗೂ ಸದ್ದಿಲ್ಲ ಈಗ, ಹೆಗಲು ಮಾತ್ರ ಕುಣಿಯುತ್ತದೆ, ನೋಡಿ, ಅಳ್ತಿದ್ದಾರೆ ಇವರು ಎಂದುಬಿಟ್ಟಳು. ಅಳ್ತಿದ್ದಾರಂತೆ! ಗೇಟಿನಲ್ಲಿ ಕೇಳಿ ಎಂದರು, ಗೇಟಿನಲ್ಲಿದ್ದವನು ಒಳಗೆ ಕೇಳಿ ಎಂದ, ಯಾರಾದ್ರೂ ಬದಲಾಯಿಸಿಕೊಳ್ಳೋಕೆ ಒಪ್ಪಿದ್ರೆ ನಮ್ಮದೇನೂ ಅಭ್ಯಂತರ ಇಲ್ಲ, ಆದ್ರೆ ಬಲವಂತ ಮಾಡೋ ಹಾಗಿಲ್ಲ, ಅಂದ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಎಲ್ಲ ಕಡೆಯೂ ಇವಳದು ಒಂದೇ ಕೊನೆಯ ಬಾಣ, ಇವರಿಗೆ ಮಾತು ಬರಲ್ಲ. ಎಲ್ಲರೂ ನನ್ನ ಕತ್ತಿನ ಕಡೆ ನೋಡುತ್ತಾರೆ, ಆಮೇಲೆ ತಕ್ಷಣ ಬೇರೆ ಕಡೆ ನೋಡುತ್ತಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಇವಳು ಏರಿಗೆ ಎಳೆಯುತ್ತಾಳೆ, ನಾನು ಕೋಣ, ಸಂತೋಷದಿಂದ ಕೋಣ.

ಬರಲ್ಲ ಎನ್ನುವುದಕ್ಕೆ ಇವಳು ಯಾರು? ಮಾತು ಕಲಿಸುವ ಮೇಡಂ ಹತ್ತಿರ ವಾರ ವಾರ ಹೋಗಿ, ಆ, ಈ, ಊ ಎಂದು ಮಗುವಿನ ಹಾಗೆ ಶುರು ಮಾಡಿ, ಹೆಬ್ಬೆರಳು ಸರಿಯಾಗಿ ಕೂರದೆ ಗಾಳಿ ಪುಸ್ಸೆಂದು ಸೋರಿ, ಬೆವರಿ, ಬೈದುಕೊಂಡು — ಮನಸ್ಸಿನಲ್ಲಿ, ಎಲ್ಲ ಬೈಗುಳವೂ ಮನಸ್ಸಿನಲ್ಲೇ — ಕೊನೆಗೆ ಒಂದು ದಿನ ಮಾತು ಬಂತು. ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿತ್ತು, ಇರಲಿ, ನನ್ನ ಡಬ್ಬ, ನನ್ನ ಕಲ್ಲು. ಮೊದಲ ಮಾತು ಯಾರಿಗೆ ಎಂದು ಬಸ್ಸಿನಲ್ಲಿ ಯೋಚಿಸಬೇಕಾಗಲೇ ಇಲ್ಲ, ಸೀದಾ ಮನೆಗೆ ಬಂದೆ, ಚಪ್ಪಲಿ ಕೂಡ ಬಿಚ್ಚಲಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತೆ, ಅವಳು ಬೆನ್ನು ಹಾಕಿ ತಟ್ಟೆ ತೊಳೆಯುತ್ತಿದ್ದಳು, ಹೆಬ್ಬೆರಳಿಟ್ಟೆ, ಸಾಹುಕಾರ್ತಿ, ಎಂದೆ. ಅದು ನಾನು ಅವಳಿಗಿಟ್ಟ ಹೆಸರು, ಮದುವೆಗೂ ಮುಂಚಿನದು, ಇನ್ಯಾರೂ ಕರೆಯದ ಹೆಸರು. ತಟ್ಟೆ ಬಿತ್ತು. ತಿರುಗಿದಳು, ತಿರುಗಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಸೋಪಿನ ನೊರೆ ಕಿವಿಯಿಂದ ಕತ್ತಿಗೆ ಇಳಿಯುತ್ತಿತ್ತು, ನನಗೆ ಆ ನೊರೆ ಮಾತ್ರ ಕಾಣುತ್ತಿತ್ತು. ಆಮೇಲೆ ಓಡಿ ಬಂದು ತೋಳು ಹಿಡಿದು ಕೂರಿಸಿ, ಆಯಾಸ ಮಾಡ್ಕೋಬೇಡಿ ರೀ, ಯಾಕೆ ಸುಮ್ಮನೆ ಕಷ್ಟ, ನಾನಿಲ್ವಾ ಎಂದಳು. ಇದ್ದೀಯಮ್ಮ, ಚೆನ್ನಾಗೇ ಇದ್ದೀಯ. ಅವತ್ತೇ ತೀರ್ಮಾನ, ಕಡ್ಡಿ ಮುರಿದ ಹಾಗೆ, ನೀನು ಮುಚ್ಚಿದ ಕಿವಿಗೆ ಈ ದನಿ ಮತ್ತೆ ಬೀಳುವುದಿಲ್ಲ, ಊರಿಗೆಲ್ಲ ಕೇಳಲಿ, ನಿನಗಿಲ್ಲ. ಅಂದಿನಿಂದ ನಾನು ಕೈಸನ್ನೆಯವನು, ಇವಳು ನನ್ನ ಬಾಯಿ. ಕ್ಷೌರದವನಿಗೆ, ಇವರಿಗೆ ಸಣ್ಣಗೆ ಕತ್ತರಿಸಪ್ಪ, ನನಗೆ ಸಣ್ಣಗೆ ಬೇಡ. ಡಾಕ್ಟರಿಗೆ, ಚೆನ್ನಾಗಿ ನಿದ್ದೆ ಮಾಡ್ತಾರೆ, ಎಲ್ಲಿಯ ನಿದ್ದೆ. ನೆಂಟರಿಗೆ, ಮೊದಲಿನ ಕೋಪ ಇಲ್ಲ ನೋಡಿ ಇವರಿಗೆ, ತುಂಬಾ ಶಾಂತ ಆಗ್ಬಿಟ್ಟಿದ್ದಾರೆ! ಶಾಂತ! ನಾನು! ಪಕ್ಕದಲ್ಲಿ ಕೂತು ಒಳಗೆ ಕುದಿಯುತ್ತಿದ್ದೇನೆ, ಕುದಿಯುವುದಕ್ಕೂ ಸದ್ದಿಲ್ಲ, ನೆಂಟರು ಪಾಪ ಎನ್ನುತ್ತಾರೆ.

ಅಗೋ ಕೈ ಎತ್ತಿದಳು, ಗಗನಸಖಿಯನ್ನು ಕರೆಯುತ್ತಿದ್ದಾಳೆ, ಬಲಗೈ ನೇರ ಮೇಲಕ್ಕೆ, ಮಣಿಕಟ್ಟಿನ ದೊಡ್ಡ ಗಡಿಯಾರ ಸರ್ರನೆ ಮೊಣಕೈವರೆಗೆ ಜಾರಿತು. ಹಾಳಾದ್ದು, ಹಾಗೆ ಕೈ ಎತ್ತಬೇಡವೇ, ನನಗೆ ಬೇರೆಯೇ ನೆನಪಾಗುತ್ತದೆ. ಅದು ಅವಳಪ್ಪನ ಗಡಿಯಾರ, ಗಂಡಸರದು, ಅಪ್ಪನಿಗೆ ಮಂಡಿನೋವು ಬಂದ ಮೇಲೆ ಅವರ ಹೋಟೆಲ್ಲಿಗೆ ತರಕಾರಿ ಕೊಳ್ಳಲು ಮಾರುಕಟ್ಟೆಗೆ ತಾನೇ ಬರುತ್ತಿದ್ದಳು, ಅಷ್ಟು ಜನ ಗಂಡಸರ ನಡುವೆ ಒಬ್ಬಳೇ, ಮೂಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ, ಎಲ್ಲರೂ ಕೂಗಿ ಕೂಗಿ ಸುಸ್ತಾಗುವ ತನಕ ಸುಮ್ಮನಿರುತ್ತಿದ್ದಳು. ನಾನು ಪೆಟ್ಟಿಗೆಯ ಮೇಲೆ ಬೆರಳ ಗೆಣ್ಣಿನಿಂದ ಹೊಡೆಯುತ್ತಿದ್ದೆ, ಟಕ್, ಒಂದು ಸಲ. ಟಕ್, ಎರಡು ಸಲ. ಮೂರನೇದು ಬಿದ್ದರೆ ಮಾಲು ಹೋಯಿತು, ಮತ್ತೆ ದೇವರು ಬಂದರೂ ಇಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಒಂದು ಉಸಿರು, ಅಷ್ಟೇ, ಆ ಉಸಿರಿನಲ್ಲಿ ಮೂಟೆಯ ಮೇಲಿಂದ ಒಂದು ಕೈ ಏಳುತ್ತಿತ್ತು, ಗಡಿಯಾರ ಮೊಣಕೈಗೆ ಜಾರುತ್ತಿತ್ತು. ಪ್ರತಿ ಸಲ. ಒಂದು ದಿನವಾದರೂ ಮೊದಲೇ ಎತ್ತಿದವಳಲ್ಲ. ಬಂದ್ಲಪ್ಪಾ ಸಾಹುಕಾರ್ತಿ, ಎಂದು ನಾನೇ ಕೂಗಿದ್ದು ಮೊದಲು, ಮಾರುಕಟ್ಟೆಯೆಲ್ಲ ನಕ್ಕಿತು, ಅವಳು ನಗಲಿಲ್ಲ, ದುರುಗುಟ್ಟಿ ನೋಡಿದಳು, ನಾನು ಅಲ್ಲಿಗೇ ಮುಗಿದೆ. ಆ ಉಸಿರು ದಿನೇ ದಿನೇ ಉದ್ದವಾಯಿತು, ನಾನೇ ಉದ್ದ ಮಾಡಿದೆ, ಬದನೆಕಾಯಿ ಬಾಡುತ್ತೆ ಹೊಡಿಯಯ್ಯಾ ಮೂರನೇದು ಎಂದು ದಲ್ಲಾಳಿಗಳು ಬಯ್ಯುತ್ತಿದ್ದರು, ನಾನು ಗೆಣ್ಣು ಎತ್ತಿ ಹಿಡಿದು ಮೂಟೆಯ ಕಡೆ ನೋಡುತ್ತಾ ನಿಂತಿರುತ್ತಿದ್ದೆ, ಎತ್ತಮ್ಮ ತಾಯಿ ಕೈ, ಎತ್ತು. ಹರಾಜು ಕೂಗುವವನು ಹೀಗೆ ಕಾಯಬಾರದು, ಧರ್ಮವಲ್ಲ, ಕಾದೆ, ಏನೀಗ?

ಏನಾದ್ರೂ ಬೇಕಾ ಅಂಕಲ್, ಎನ್ನುತ್ತಿದ್ದಾಳೆ ಪಕ್ಕದ ಸೀಟಿನವಳು, ನಡುವಿನ ಸೀಟು, ದಪ್ಪ ಬೂಟು, ಉಗುರಿನಲ್ಲಿ ಹೋಗದ ಕಪ್ಪು ಗ್ರೀಸು, ನಾನು ಬೆಲ್ಟಿನ ಜೊತೆ ಗುದ್ದಾಡುವುದನ್ನು ನೋಡಿ ಕೇಳಿದ್ದು. ಕೈ ಬೀಸಿ ಏನಿಲ್ಲ ಎನ್ನಬಹುದಿತ್ತು. ಇಲ್ಲ, ಇದಕ್ಕೇ ಅಲ್ಲವೇ ಬಂದದ್ದು, ನಾಳೆ ಅಷ್ಟು ಜನರ ಎದುರಿಗೆ ನಿಲ್ಲುವವನು ಇವತ್ತು ಒಬ್ಬಳ ಎದುರಿಗೆ ಹೆದರಿದರೆ ಹೇಗೆ, ಅವಳೂ ಕಿವಿ ಮುಚ್ಚಿದರೆ ಮುಚ್ಚಲಿ, ಹೆಬ್ಬೆರಳು ಬಟ್ಟೆಯ ಕೆಳಗೆ ಹೋಯಿತು, ಕೂತಿತು, ಬೆಲ್ಟು ದೊಡ್ಡದು, ಎಂದೆ. ಡಬ್ಬ, ಕಲ್ಲು. ಅವಳು ಮುಚ್ಚಲಿಲ್ಲ, ತಲೆ ಬಗ್ಗಿಸಿ ಕಿವಿಯನ್ನು ನನ್ನ ಕಡೆ ತಂದಳು, ಎಸಿ ಗುಂಯ್ ಅಂತಿದೆ ಅಂಕಲ್, ಇನ್ನೊಂದ್ಸಲ ಹೇಳಿ, ನಾನು ಲಿಫ್ಟ್ ರಿಪೇರಿ ಮಾಡೋಳು, ಮೆಷಿನ್ ಸದ್ದಲ್ಲಿ ಮಾತು ಕೇಳಿಸಿಕೊಳ್ಳೋದು ಅಭ್ಯಾಸ ಇದೆ. ಬೆಲ್ಟು, ದೊಡ್ಡದು. ಓ, ಇಲ್ಲಿ ಎಳೀರಿ, ಎಂದು ತೋರಿಸಿದಳು. ಅಷ್ಟೇ! ಲೋಕ ಮುಳುಗಲಿಲ್ಲ! ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ, ಇಗೋ ನನಗೂ ಬಾಯಿದೆ, ಕತ್ತಿನಲ್ಲಿದ್ದರೇನು. ಒಬ್ಬರೇ ಹೋಗ್ತಿದ್ದೀರಾ ಅಂದಳು. ಒಬ್ಬನೇ ಎನ್ನಲು ಬಾಯಿ ತೆರೆದವನು, ಹೆಬ್ಬೆರಳು ಇಟ್ಟವನು, ನೋಡು ನನ್ನ ನಾಲಗೆಯ ದ್ರೋಹ, ಮುಂದೆ, ಹಸಿರು ಸ್ವೆಟರು, ನನ್ನ ಹೆಂಡತಿ, ಎಂದುಬಿಟ್ಟೆ, ಅಷ್ಟಕ್ಕೇ ನಿಲ್ಲಿಸಲಿಲ್ಲ, ಮೂಟೆಯ ಮೇಲೆ ಕೂರುತ್ತಿದ್ದಳು, ಎಂದೆ, ಮೂರನೇ ಪೆಟ್ಟು ಬೀಳೋ ಮುಂಚೆ ಕೈ ಎತ್ತೋಳು, ಎಂದೆ, ನಡುವೆ ಉಸಿರು ತೆಗೆದುಕೊಳ್ಳುತ್ತಾ, ಒಂದೊಂದೇ ತುಂಡು. ಮೊದಲು ಸಿಕ್ಕ ಕಿವಿಗೆ ಇವಳ ಕಥೆಯನ್ನೇ ಹೇಳಬೇಕಿತ್ತೇ? ಒಂದು ಮಾತು ತಿಳಿಯಿತು, ನನ್ನ ಹೊಸ ದನಿ ಒಂದು ಸೀಟಿನಷ್ಟು ದೂರ ಹೋಗುತ್ತದೆ. ಕಿಟಕಿ ಪಕ್ಕದವನಿಗೆ ಏನೂ ಕೇಳಿಸಲಿಲ್ಲ. ಇಡೀ ಮಾರುಕಟ್ಟೆಯಿಂದ ಒಂದು ಸೀಟಿಗೆ ಇಳಿದಿದ್ದೇನೆ, ಇಳಿದರೂ ನನ್ನದೇ ಒಂದು ಸೀಟು.

ಬಂದಳು. ಬಂದೇ ಬಂದಳು, ಚೀಲ ಮೇಲಿಡುತ್ತಿದ್ದವರನ್ನೆಲ್ಲ ಸ್ವಲ್ಪ ಜರುಗಿ, ಸ್ವಲ್ಪ ಜರುಗಪ್ಪ ಎಂದು ಸರಿಸುತ್ತಾ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮುಖ ಮಾಡಿಕೊಂಡು, ನನ್ನ ಹೆಗಲ ಮೇಲೆ ಕೈ ಇಟ್ಟು, ಆದರೆ ನನಗಲ್ಲ, ನನ್ನ ತಲೆಯ ಮೇಲಿಂದ ಲಿಫ್ಟಿನವಳಿಗೆ, ಅಮ್ಮಾ, ಒಂದು ಉಪಕಾರ ಮಾಡ್ತೀಯಾ, ನನ್ನದೂ ನಡುವಿನ ಸೀಟೇ, ಒಂಬತ್ತನೇ ಸಾಲು, ಬೇಗ ಇಳೀಬಹುದು, ನಾನಿಲ್ಲಿ ಕೂತ್ಕೋತೀನಿ, ನಮ್ಮದು ಬೇರೆ ಬೇರೆ ಬುಕಿಂಗ್ ಆಗ್ಬಿಟ್ಟಿದೆ, ಇವರಿಗೆ ಮಾತು ಬರಲ್ಲ ಕಣಮ್ಮ, ಏನು ಬೇಕು ಅಂತ ಹೇಳೋಕಾಗಲ್ಲ. ಅದಕ್ಕೇನಂತೆ ಆಂಟಿ, ಎಲ್ಲಿ ಕೂತ್ರೂ ಅದೇ ಊರು ತಾನೇ ಬರೋದು, ಎಂದು ಲಿಫ್ಟಿನವಳು ಆಗಲೇ ಎದ್ದಳು, ನನ್ನ ಮೊಣಕಾಲು ದಾಟಿ ದಾರಿಗೆ ಬಂದಳು, ಬಂದು ನಿಂತಳು, ಮಾತು ಬರಲ್ವಾ? ಈಗ ತಾನೇ ನನ್ನ ಹತ್ರ ಮಾತಾಡಿದ್ರಲ್ಲ! ಹೆಗಲ ಮೇಲಿನ ಕೈ ಹಾಗೇ ಇತ್ತು, ಭಾರ ಮಾತ್ರ ಹೋಯಿತು. ಮಾತಾಡಿದ್ರಾ? ಹೂಂ, ನೀವು ಮೂಟೆ ಮೇಲೆ ಕೂರ್ತಿದ್ರಂತೆ. ನಾನು ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತೆ, ನೋಡು, ನೋಡು, ಗೊತ್ತಾಗಲಿ, ನಾನೇನು ಕದ್ದಿಲ್ಲ, ನನ್ನ ದನಿ ನನ್ನಿಷ್ಟ, ಕಿವಿ ಮುಚ್ಚಿದ್ದು ಯಾರು ಮೊದಲು, ಎಂದು ಒಳಗೆ ಗುಡುಗುತ್ತಿದ್ದೇನೆ, ಅವಳು ಬಗ್ಗಿದಳು, ಮೆಲ್ಲಗೆ, ಜಗಳದ ದನಿಯಲ್ಲ, ನನ್ನ ಹತ್ರ ಮಾತ್ರ ಯಾಕ್ರೀ ಇಲ್ಲ? ನಾನು ಕೈ ಎತ್ತಿ ಎರಡೂ ಕಿವಿ ಮುಚ್ಚಿ ತೋರಿಸಿದೆ. ತೋರಿಸಬಾರದಿತ್ತೇ? ತೋರಿಸಿದೆ. ಅವಳ ತುಟಿ ಅಲುಗಿತು, ಅಯ್ಯೋ ನಿಮ್ಮ, ಅದಕ್ಕಾ, ಅವತ್ತು ನನ್ನ ಕಿವಿಯೊಳಗೆ ನಿಮ್ಮ ಹಳೇ ದನಿ ಇನ್ನೂ ಇತ್ತು ರೀ, ದಿನಾ ಕೇಳಿಸ್ಕೋತಿದ್ದೆ, ಹೊಸದು ಬಂದು ಅದನ್ನ ಅಳಿಸಿಬಿಟ್ರೆ ಅಂತ ಹೆದರಿ ಮುಚ್ಕೊಂಡೆ, ನಿಮ್ಮನ್ನ ಬೇಡ ಅಂತ ಅಲ್ಲ. ಇಷ್ಟು ಹೇಳಿ ನೆಟ್ಟಗಾದಳು, ಕಣ್ಣು ಒರೆಸಿಕೊಂಡಳು, ತೋಳು ಇನ್ನೂ ಮೇಲಕ್ಕೆ ಮಡಚಿದಳು, ಸರಿ, ನೀವು ಮಾತಾಡ್ಕೊಂಡೇ ಬನ್ನಿ, ನೀನು ಕೂತ್ಕೊಳಮ್ಮ ನಿನ್ನ ಜಾಗದಲ್ಲಿ, ನನ್ನ ಸೀಟಿದೆ ನನಗೆ.

ಹೊರಟಳು. ಹಸಿರು ಬೆನ್ನು. ಎಲ್ಲರೂ ಕೂತ್ಕೊಳ್ಳಿ, ಹೊರಡೋ ಹೊತ್ತಾಯ್ತು, ಎನ್ನುತ್ತಿದ್ದಾಳೆ ಗಗನಸಖಿ, ಲಿಫ್ಟಿನವಳು ದಾರಿಯಲ್ಲೇ ನಿಂತು ನನ್ನನ್ನು ನೋಡುತ್ತಿದ್ದಾಳೆ, ಕೂರುತ್ತಿಲ್ಲ, ಜಾಣೆ, ನನ್ನ ಪಕ್ಕದ ಸೀಟು ಖಾಲಿ, ಹೆಬ್ಬೆರಳು ತೂತಿನ ಮೇಲೆ, ಸಾಹುಕಾರ್ತಿ, ಎಂದೆ, ಇಪ್ಪತ್ತೊಂದನೇ ಸಾಲು ದಾಟಿದಳು, ಸಾಹುಕಾರ್ತಿ, ಎಸಿ ನುಂಗಿತು, ಒಂದು ಸೀಟು, ಅಷ್ಟೇ ನನ್ನ ದನಿಯ ರಾಜ್ಯ, ಅವಳು ಇಪ್ಪತ್ತರಲ್ಲಿದ್ದಾಳೆ, ಹದಿನೆಂಟರಲ್ಲಿ, ಹಾಗೆ ಹೋಗಿಬಿಟ್ಟರೆ ಎರಡು ಗಂಟೆ, ಎರಡು ಗಂಟೆಯಲ್ಲ, ಇವಳು ಹಟ ಹಿಡಿದರೆ ನನಗಿಂತ ಹತ್ತು ಪಟ್ಟು, ನಾನು ಬಲ್ಲೆ, ಪಕ್ಕದಲ್ಲಿ ಕೂರದಿದ್ದರೆ ಈ ದನಿ ಅವಳಿಗೆ ಎಂದಿಗೂ ಇಲ್ಲ, ನಾನು ಬಚ್ಚಲಲ್ಲಿ ಕೂತು ಆರಿಸಿಕೊಂಡದ್ದು ಇದನ್ನೇ. ಹೋಗಿ ಕಾಲು ಹಿಡಿಯಲೇ? ಇಲ್ಲ, ಹಿಡಿಯುವುದಿಲ್ಲ, ನಾನು ಬೇಡುವವನಲ್ಲ, ನಾನು ಕೂಗುವವನು, ಮಾಲು ಇಲ್ಲೇ ಇದೆ, ಖಾಲಿ ಸೀಟು, ಒಂದು ಕಡೆ ಡಬ್ಬದ ದನಿಯವನು, ತಗೊಂಡ್ರೆ ತಗೊಳ್ಳಿ, ಮುಂದಿನ ಸೀಟಿನ ಬೆನ್ನಿಗೆ ಮಡಚಿದ ಮೇಜಿನ ಮೇಲೆ ಗೆಣ್ಣು, ಟಕ್! ಮುಂದೆ ಕೂತವನು ಬೆಚ್ಚಿ ತಿರುಗಿದ, ಏನ್ರೀ ಇದು, ತಿರುಗು, ಎಲ್ಲರೂ ತಿರುಗಿ, ಕತ್ತು ನೋಡಿ, ಒಂದು ಸಲ! ಅವಳ ಹೆಜ್ಜೆ ತಡೆಯಿತು. ಟಕ್! ಎರಡು ಸಲ! ನಿಂತಳು. ತಿರುಗಲಿಲ್ಲ. ನನ್ನ ಗೆಣ್ಣು ಗಾಳಿಯಲ್ಲಿ, ಉಸಿರು ಹಿಡಿದಿದ್ದೇನೆ, ಹೊಡಿಯಯ್ಯಾ ಮೂರನೇದು, ಹೊಡೆಯುವುದಿಲ್ಲ, ವಿಮಾನ ಹೊರಡದಿದ್ದರೂ ಹೊಡೆಯುವುದಿಲ್ಲ, ಎತ್ತಮ್ಮ ತಾಯಿ, ಎತ್ತು, ಬೆನ್ನು ಇನ್ನೂ ನನ್ನ ಕಡೆಗೇ, ಹಸಿರು ತೋಳು ಅಲುಗಿತು, ಬಲಗೈ, ಮೇಲೆ, ನೇರ ಮೇಲೆ, ಗಡಿಯಾರ ಸರ್ರನೆ ಮೊಣಕೈಗೆ ಜಾರಿತು, ಕೈ ಮೇಲಿದೆ, ಕೈ ಮೇಲೇ ಇದೆ